ಭಾವನ ಅರ, ನನ್ನ ಭಾನುವಾರ

ನಮ್ಮ ಭಾವನಿಗೆ ಕಬ್ಬಿಣದ ಮೇಲಿದ್ದ ಪ್ರೀತಿ ಅಕ್ಕನ ಮೇಲೂ ಇದ್ದಿದ್ದರೆ, ಆಕೆ ಇಷ್ಟು ಹೊತ್ತಿಗೆ ನಾಲ್ಕೂ ಮೂಲೆ ನುಣುಪಾಗಿ ಚೌಕಾಕಾರಕ್ಕೆ ಬಂದಿರುತ್ತಿದ್ದಳು!

ಅರವತ್ತರ ದಶಕ. ಬ್ಯಾಂಕು ನನ್ನನ್ನು ಧಾರವಾಡದಿಂದ ಎತ್ತಿ ಬರೋಡಾಕ್ಕೆ ಹಾಕಿತ್ತು. ಊಟ, ವಸತಿ ಎಲ್ಲ ಅಕ್ಕನ ಮನೆಯಲ್ಲಿ. ಭಾವ ರೈಲ್ವೆ ಕಚೇರಿಯ ಗುಮಾಸ್ತರು. ವಾರವೆಲ್ಲ ಕಾಗದದ ಫೈಲು ತಳ್ಳಿದ್ದು ಸಾಲದೆಂದು ಭಾನುವಾರ ಕಬ್ಬಿಣದ ಫೈಲು, ಅಂದರೆ ಅರ, ತಳ್ಳುತ್ತಿದ್ದರು. ಆ ಕೆಲಸ ಕಲಿಯಲು ಯಾರೇ ಬರಲಿ, ಮೊದಲು ಒಂದು ಕಬ್ಬಿಣದ ತುಂಡನ್ನು ಉಜ್ಜಿ ಸಪಾಟು ಮಾಡಬೇಕು. ಉಡುಪಿ ಹೋಟೆಲಿನ ಭಟ್ಟರು ಪಾಪ, ಒಂದು ಸಟ್ಟುಗ ಮಾಡಿಕೊಳ್ಳಲು ಬಂದಿದ್ದರು.

"ದೋಸೆ ಮಗುಚ್ಲಿಕ್ಕೆ ಇಷ್ಟು ಸಪಾಟು ಯಾಕೆ ಮಾರಾಯ್ರೆ?"

"ಮೊದ್ಲ ಕೈ ಸಪಾಟ ಆಗ್ಲಿ ಭಟ್ರ. ಸಟ್ಟುಗ ಆಮ್ಯಾಲೆ."

ಆಮೇಲೆ ನಮ್ಮನ್ನು ಕಂಡೊಡನೆ ಭಟ್ಟರು "ದೋಸೆ ಖಾಲಿ" ಎನ್ನತೊಡಗಿದರು.

ಉಳಿದ ಶಿಷ್ಯ ನಾನೊಬ್ಬನೇ. ಅನ್ನ ಹಾಕುವ ಮನೆಯಿಂದ ಎಲ್ಲಿಗೆ ಓಡಲಿ? ಕಲಿತದ್ದನ್ನು ಒಬ್ಬನಿಗಾದರೂ ದಾಟಿಸಿಯೇ ತೀರುವ ಹಟ ಅವರದು. ಒಂದು ಭಾನುವಾರವಾದರೂ ಮಧ್ಯಾಹ್ನ ನಿದ್ದೆ ಮಾಡುವ ಆಸೆ ನನ್ನದು. ಸೋಮವಾರ ಬ್ಯಾಂಕಿನಲ್ಲಿ ಪೆನ್ನು ಹಿಡಿದರೆ ಭುಜ ಅಳುತ್ತಿತ್ತು!

ಕೆಲಸದ ಭರದಲ್ಲಿ ಭಾವ ಕೈಚಾಚಿ "ಅರ! ಅರ!" ಎಂದು ಕೂಗುವುದು ವಾಡಿಕೆ. ಪಕ್ಕದ ಮನೆಯ ಗುಜರಾತಿ ಹೆಂಗಸಿಗೆ ಅದು "ಅರೆರೆ!" ಎಂದು ಕೇಳಿಸುತ್ತಿತ್ತು. "ಶು ಥಯು, ಭಾಯಿ?" ಎನ್ನುತ್ತ, ಏನಾಯಿತೋ ಎಂಬ ಗಾಬರಿಯಲ್ಲಿ, ಅರಿಶಿನದ ಡಬ್ಬಿ ಹಿಡಿದು ಓಡಿಬರುತ್ತಿದ್ದರು. ಕೊನೆಗೆ ಆಕೆಗೂ ಸಾಕಾಯಿತು. ಭಾವ ನಿಜವಾಗಿಯೇ ಬೆರಳು ತರಚಿಕೊಂಡು ಕೂಗಿದ ದಿನ, ಅದೇನೋ ಬೇಕಂತೆ, ಕೊಡು ಎಂದು ಬಾಗಿಲಲ್ಲೇ ನಿಂತು ನನಗೆ ಕೈಸನ್ನೆ ಮಾಡಿದರು!

ನನಗೂ ಸಾಕಾಗಿತ್ತು. ಇದೇ ಕೊನೆಯ ಭಾನುವಾರ ಎಂದು ಹೇಳಿಬಿಡುವ ನಿರ್ಧಾರದಲ್ಲೇ ಒಂದು ದಿನ ನನ್ನ ತುಂಡು ಉಜ್ಜಿ ಮುಗಿಸಿದೆ. ಭಾವ ಅದರ ಮೇಲೆ ಉಕ್ಕಿನ ಪಟ್ಟಿಯನ್ನು ನಿಲ್ಲಿಸಿ ಕಿಟಕಿಗೆ ಎತ್ತಿ ಹಿಡಿದರು. ನಡುವೆ ಬೆಳಕು ನುಸುಳಿದರೆ ತುಂಡು ಡೊಂಕು ಎಂದೇ ಲೆಕ್ಕ. ತುಂಬಾ ಹೊತ್ತು ನೋಡಿದರು.

"ಬೆಳಕ ಕಾಣಸ್ತದೇನೋ ತಮ್ಮಾ?"

"ಇಲ್ರಿ ಭಾವ."

"ನನಗೂ ಕಾಣಸವಲ್ದು." ಪಟ್ಟಿಯನ್ನು ಕೆಳಗಿಟ್ಟರು. "ನಿನ್ನ ಮಾರಿನೂ ಸರಿಯಾಗಿ ಕಾಣಸವಲ್ದು. ಅದಕ್ಕ ನಿನಗ ಕಲಸ್ಲಿಕ್ಕೆ ಇಷ್ಟ ಅವಸರ ಮಾಡಿದೆ. ನಿಮ್ಮಕ್ಕಗ ಈಗ ಹೇಳಬ್ಯಾಡ."

ಆ ಮನುಷ್ಯನ ಮೇಲೆ ಅಷ್ಟು ಪ್ರೀತಿ ನನ್ನಲ್ಲಿ ಎಲ್ಲಿ ಅಡಗಿತ್ತೋ! ಇನ್ನೊಂದು ತುಂಡನ್ನು ವೈಸಿನ ದವಡೆಗೆ ಸಿಕ್ಕಿಸಿ ಬಿಗಿದೆ.

"ಸಪ್ಪಳ ಕೇಳಿ ಹೇಳ್ರಿ ಭಾವ, ಎಲ್ಲಿ ತಪ್ಪತದ ಅಂತ."

ಉಜ್ಜತೊಡಗಿದೆ. ಅವರು ಕಣ್ಣು ಮುಚ್ಚಿ, ತಲೆ ವಾಲಿಸಿ ಕೇಳುತ್ತ ಕೂತರು.

"ಎಡಗೈ ಭಾರ ಆತು," ಎಂದರು.