ಉಪ್ಪು ಕಂಡರೆ ಮುದುಡುವ ಕ್ರೊಮ್ಯಾಟಿನ್ ಎಳೆಯವರ ಸನ್ನಿಧಾನಕ್ಕೆ

ಮಾನ್ಯ ಕ್ರೊಮ್ಯಾಟಿನ್ ಎಳೆಯವರೇ,

ಕೋಳಿಯ ರಕ್ತಕಣದೊಳಗೆ ಡಿಎನ್ಎಯನ್ನು ಸುತ್ತಿಟ್ಟುಕೊಂಡು ತಲೆತಲಾಂತರದಿಂದ ಬಿಡಾರ ಹೂಡಿರುವ ತಮಗೆ, ಮಾಂಟೆವಿಡಿಯೊದ ಒಂದು ಪ್ರಯೋಗಾಲಯದಿಂದ ಪಿಎಚ್.ಡಿ. ವಿದ್ಯಾರ್ಥಿನಿ ಅನಾಯಿ ಬೆರುಟ್ಟಿ ಮಾಡುವ ಅನಂತ ನಮಸ್ಕಾರಗಳು. ಸೂಕ್ಷ್ಮದರ್ಶಕದಲ್ಲಿ ದಿನವೂ ತಮ್ಮ ದರ್ಶನವಾಗುವುದರಿಂದ ಕ್ಷೇಮಸಮಾಚಾರವನ್ನು ಬೇರೆಯಾಗಿ ವಿಚಾರಿಸುತ್ತಿಲ್ಲ.

ಉಪ್ಪಿಲ್ಲದ ನೀರಿನಲ್ಲಿ ತಾವು ದಾರಕ್ಕೆ ಪೋಣಿಸಿದ ಮಣಿಗಳಂತೆ ನೀಳವಾಗಿ ಬಿಚ್ಚಿಕೊಳ್ಳುತ್ತೀರಿ, ಚೂರು ಉಪ್ಪು ಬಿದ್ದರೆ ಸುರುಳಿ ಸುತ್ತಿ ದಪ್ಪಗಾಗುತ್ತೀರಿ, ಅತಿಯಾದರೆ ಗಂಟುಗಂಟಾಗಿ ತಳ ಸೇರುತ್ತೀರಿ. ಈ ಸ್ವಭಾವವನ್ನು ನಂಬಿಯೇ ನಾನು ನನ್ನ ಪ್ರಬಂಧವನ್ನೂ ಯೌವನವನ್ನೂ ತಮ್ಮ ಪಾದಕ್ಕೆ ಒಪ್ಪಿಸಿದ್ದೆ. ಈ ಚಳಿಗಾಲದಲ್ಲಿ ಮಾತ್ರ ತಾವು ಶುದ್ಧ ನೀರಿನಲ್ಲೂ ಮುದುಡಿ ಕುಳಿತಿರಿ. ನನ್ನ ಮಾರ್ಗದರ್ಶಕರಾದ ಪ್ರೊಫೆಸರ್ ವಿಲ್ಮಾರ್ ಒಟೆಗಿಯವರು ಎಲ್ಲರೆದುರು, "ಮೊದ್ಲು ಕೈ ತೊಳ್ಕೊಂಡು ಬಾರಮ್ಮ, ಇದೇನು ಅಡುಗೆಮನೆ ಅಂದ್ಕೊಂಡ್ಯಾ?" ಎಂದರು. ನನ್ನ ಮೌಖಿಕ ಪರೀಕ್ಷೆಯನ್ನು ಮುಂದಿನ ವರ್ಷಕ್ಕೆ ತಳ್ಳುವ ಮಾತೂ ಬಂತು. ಆಗ ತಮ್ಮ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮಳೆ ಕೈಕೊಟ್ಟು ಜಲಾಶಯ ಬತ್ತಿ, ಕಡಲಂಚಿನ ಅಳಿವೆಯ ನೀರನ್ನೇ ಬೆರೆಸಿ ಬಿಡುತ್ತಿದ್ದುದರಿಂದ ಊರಿನ ನಲ್ಲಿಗಳೆಲ್ಲ ಉಪ್ಪುಪ್ಪಾಗಿದ್ದ ದಿನಗಳವು. ಯಾರ ಮನೆಯ ಮಾಟೆ ಎಲೆಯ ಕಷಾಯವೂ ಬಾಯಿಗಿಡುವಂತಿರಲಿಲ್ಲ. ಪ್ರೊಫೆಸರರು ಕಂಕುಳಲ್ಲಿ ಥರ್ಮಾಸ್ ಅವುಚಿಕೊಂಡು ಬಂದು, ಒಂದೇ ಸೋರೆಬುರುಡೆಯಲ್ಲಿ ಸರದಿಯಂತೆ ನಮಗೆಲ್ಲ ಕುಡಿಸುತ್ತಿದ್ದ ಮಾಟೆಯೊಂದೇ ಅಮೃತ. ಅದು ಅವರ ಕೈಗುಣವೆಂದು ಹೊಗಳಿದವರಲ್ಲಿ ನಾನೂ ಒಬ್ಬಳು.

ಅವರು ತಂಗಿ ಮಗಳ ಮದುವೆಗೆಂದು ರಿವೇರಾಕ್ಕೆ ಹೋದ ವಾರ, ತಮ್ಮನ್ನು ಅದ್ದುವ ಶುದ್ಧ ನೀರಿನ ಡಬ್ಬ ಖಾಲಿಯಾಗಿದ್ದರಿಂದ ನಾನು ಭಟ್ಟಿ ಇಳಿಸಿದ ನೀರನ್ನು ಹೊಸದಾಗಿ ತುಂಬಿಸಿದೆ, ನಲ್ಲಿ ನೀರು ಕಾಯಿಸಿ ಮಾಟೆಯನ್ನೂ ನಾನೇ ಮಾಡಿದೆ. ಮಾಟೆ ಉಪ್ಪಾಯಿತು, ತಾವು ಮಾತ್ರ ಏನೂ ನಡೆದೇ ಇಲ್ಲವೆಂಬಂತೆ ಸಲೀಸಾಗಿ ಬಿಚ್ಚಿಕೊಂಡಿರಿ. ಮರಳಿ ಬಂದ ಪ್ರೊಫೆಸರರನ್ನು ಕೇಳಿದರೆ, ದಿನವೂ ಆ ಡಬ್ಬದಿಂದಲೇ ಥರ್ಮಾಸ್ ತುಂಬಿಸಿಕೊಂಡು, ಕಡಿಮೆಯಾದದ್ದು ಯಾರಿಗೂ ಕಾಣದಿರಲೆಂದು ನಲ್ಲಿ ನೀರು ಸುರಿಯುತ್ತಿದ್ದುದಾಗಿ ಸಂಕೋಚವಿಲ್ಲದೆ ಒಪ್ಪಿಕೊಂಡರು. "ಮತ್ತೇನು, ಉಪ್ಪು ಮಾಟೆ ಕುಡೀಬೇಕಿತ್ತಾ? ನೀನೂ ಚಪ್ಪರಿಸ್ಕೊಂಡು ಕುಡಿದ್ಯಲ್ಲ," ಎಂದೂ ಸೇರಿಸಿದರು.

ಆದ್ದರಿಂದ ಮಾನ್ಯರೇ, ಇಡೀ ಪ್ರಯೋಗಾಲಯದಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದವರು ತಾವೊಬ್ಬರೇ, ಬೈಸಿಕೊಂಡವಳು ನಾನೊಬ್ಬಳೇ. ಇಷ್ಟು ಸತ್ಯವಂತರಾಗಿದ್ದು ಒಂದು ಮಾತಾದರೂ ಬಾಯಿಬಿಟ್ಟು ಹೇಳಬಾರದಿತ್ತೇ ಎಂಬುದೇ ನನ್ನ ದೂರು. ಇನ್ನಾದರೂ ನನ್ನ ಪರೀಕ್ಷೆಗೆ ಖುದ್ದಾಗಿ ಬಂದು ಸಾಕ್ಷಿ ನುಡಿಯಬೇಕೆಂದೂ, ಪ್ರೊಫೆಸರರು ಆ ಡಬ್ಬದ ಬಳಿ ಸುಳಿದರೆ ಸಿಳ್ಳೆ ಹಾಕಬೇಕೆಂದೂ, ಬಿಡುವಾದಾಗ ಇನ್ನೂ ಉಪ್ಪಾಗಿಯೇ ಇರುವ ಊರಿನ ಪ್ರತಿ ನಲ್ಲಿಯಡಿ ಕುಳಿತು ಉಪ್ಪಿನ ಮಟ್ಟ ಸಾರಬೇಕೆಂದೂ ಬೇಡಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ಈಗಲೂ ಕೈ ತೊಳೆದುಕೊಳ್ಳುತ್ತಲೇ ಇರುವ
ಅನಾಯಿ ಬೆರುಟ್ಟಿ

ವಿ.ಸೂ.: ನನ್ನ ಪರೀಕ್ಷೆ ಈ ಶುಕ್ರವಾರಕ್ಕೆ ನಿಗದಿಯಾಗಿದೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತಾರೆ. ನಮ್ಮಲ್ಲಿ ಉಪ್ಪು ತಿಂದವರು ತಾವು, ನೀರು ಕುಡಿದವರು ಅವರು. ಅಂದು ಪರೀಕ್ಷಕರಿಗೆಲ್ಲ ಮಾಟೆ ಮಾಡುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ. ಮೊದಲ ಬುರುಡೆ ಪ್ರೊಫೆಸರರಿಗೆ. ನೀರು ನಲ್ಲಿಯದು.