ಮಗಳ ರೇಡಿಯಾಲಜಿ ಸೀಟೂ ನನ್ನ ಸೀರೆ ವ್ಯಾಪಾರವೂ

ನಲವತ್ತು ವರ್ಷದಿಂದ ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ಮಾರುತ್ತಿದ್ದೇನೆ. ಚಪ್ಪಲಿ ಮೆಟ್ಟಿಕೊಂಡು ಹೊರಟ ಗಿರಾಕಿಯನ್ನೂ ವಾಪಸ್ಸು ಕೂರಿಸಿದ ಬಾಯಿ ಇದು. ಇಂಥವನಿಗೆ ಮಗಳ ಕಾಲೇಜು ಪಟ್ಟಿ ತುಂಬಿಸುವುದು ಯಾವ ಮಹಾ ಕೆಲಸ?

ಮಗಳು ಸೌಮ್ಯ ಎಂಬಿಬಿಎಸ್ ಮುಗಿಸಿ ಹನೂರಿನ ಆಸ್ಪತ್ರೆಯಲ್ಲಿ ಡ್ಯೂಟಿ ಮಾಡುತ್ತಿದ್ದಳು. ರೇಡಿಯಾಲಜಿಯಲ್ಲಿ ಎಂ.ಡಿ. ಮಾಡಬೇಕು, ಅದೂ ಮೈಸೂರಿನಲ್ಲೇ ಆಗಬೇಕು ಎಂಬುದು ಅವಳ ಆಸೆ. ಎರಡು ವರ್ಷ ಕಷ್ಟಪಟ್ಟು ಓದಿ ಒಳ್ಳೆಯ ರ‍್ಯಾಂಕನ್ನೂ ತೆಗೆದಿದ್ದಳು. ಇನ್ನು ಬೇಕಾದ ಕಾಲೇಜುಗಳ ಹೆಸರನ್ನು ಕಂಪ್ಯೂಟರಿನಲ್ಲಿ ಸಾಲಾಗಿ ಹಾಕಬೇಕು, ಅಷ್ಟೆ. ಅವಳೇ ಮಾಡಿಕೊಳ್ಳುತ್ತಿದ್ದಳು. ನಾನು ಹಟ ಹಿಡಿದೆ. ಅವಳ ದಪ್ಪ ಪುಸ್ತಕಗಳಲ್ಲಿ ನನಗೆ ಒಂದಕ್ಷರವೂ ಅರ್ಥವಾಗಿರಲಿಲ್ಲ. ಇದೊಂದಾದರೂ ನನ್ನ ಕೈಯಿಂದ ಆಗಲಿ ಅನ್ನಿಸಿತ್ತು.

"ಆಯ್ತು ಕಣಪ್ಪ," ಎಂದು ಹನ್ನೊಂದು ಕಾಲೇಜು ಬರೆದ ಚೀಟಿ ಕೊಟ್ಟಳು. "ನಿನ್ ನಂಬರೇ ಕೊಟ್ಟಿವ್ನಿ, ಓಟಿಪಿ ನಿಂಗೇ ಬತ್ತದೆ. ಚೀಟೀಲಿ ಎಂಗದೋ ಅಂಗೇ ಹಾಕ್ಸು."

"ನಂಗೇ ಏಳ್ಕೊಡ್ತೀಯಾ ಮಗಾ?" ಎಂದು ನಕ್ಕೆ.

ಬ್ರೌಸಿಂಗ್ ಸೆಂಟರಿನಲ್ಲಿ ಚೀಟಿ ಬಿಡಿಸಿ ಓದಿದೆ. ಮೈಸೂರಿನ ಕಾಲೇಜು ಎಲ್ಲಕ್ಕಿಂತ ಮೊದಲು! ಕೊನೆಯಲ್ಲಿ, ಬಸ್ಸಿನಲ್ಲಿ ಒಂದು ಹಗಲು ಕೂರಬೇಕಾದಷ್ಟು ದೂರದ್ದು, ಅವಳಿಗೆ ಸುತರಾಂ ಇಷ್ಟವಿಲ್ಲದ್ದು. ವ್ಯಾಪಾರದವನ ಮಗಳಾಗಿ ಇದೆಂಥ ದಡ್ಡತನ! ಒಳ್ಳೆಯ ಸೀರೆಯನ್ನು ಯಾರಾದರೂ ಮೊದಲೇ ಹೊರಗೆ ತೆಗೆಯುತ್ತಾರೆಯೇ? ಮೊದಲು ಸಾಧಾರಣದ್ದನ್ನು ಹರಡಬೇಕು. ಗಿರಾಕಿ ಮೂಗು ಮುರಿಯಬೇಕು. ಆಮೇಲೆ ಒಂದು ಕೈ ಮೇಲಿನದು, ಅದರ ಮೇಲೆ ಇನ್ನೊಂದು. ಹನ್ನೊಂದನೆಯದಾಗಿ ಅಸಲಿ ಮಾಲು ಕಂಡಾಗ ಗಿರಾಕಿ ಸೋಲಲೇಬೇಕು. ಈ ಶಾಸ್ತ್ರದ ಪ್ರಕಾರ ಪಟ್ಟಿಯನ್ನು ತಲೆಕೆಳಗು ಮಾಡಿಸಿದೆ.

ಸೆಂಟರಿನ ಮಾದೇಶ ಅನುಮಾನಿಸಿದ. "ಸಾ, ಒಂದ್ನೇದ್ನೇ ಮೊದ್ಲು ನೋಡ್ತರೆ ಸಾ."

"ಅದುಕ್ಕೇ ಕಣಯ್ಯಾ ಏಳ್ತಿರೋದು! ಮೊದ್ಲು ನೋಡಿದ್ನ ಯಾರ್ ತಕತ್ತರೆ?"

ನಾನು ಹೇಳಿದಂತೆಯೇ ಅವನು ಟೈಪು ಮಾಡಿದ. ತಿಳಿದವರ ಮುಂದೆ ಹಾಗೇ ಇರಬೇಕು!

ಕೆಲವು ದಿನ ಬಿಟ್ಟು ಮಾಕ್ ಅಲಾಟ್‌ಮೆಂಟ್ ಬಂತು. ಅಂದರೆ ಅಸಲಿ ಸೀಟು ಹಂಚುವ ಮೊದಲಿನ ರಿಹರ್ಸಲ್ಲು. ಬೆಳಿಗ್ಗೆಯೇ ಮಗಳ ಫೋನು.

"ಅಪ್ಪಾ, ನನ್ ಚೀಟೀಲಿ ಕೊನೇಲಿತ್ತಲ್ಲ, ಆ ಕಾಲೇಜು ಬಂದದೆ!"

"ಗಾಬ್ರಿ ಬೀಳ್ಬೇಡ ಮಗಾ. ಈಗಿನ್ನೂ ಮೊದಲ್ನೇದು ಹರಡವ್ರೆ. ನಾವು ಬ್ಯಾಡ ಅನ್ನವ. ಒಳ್ಳೇದೆಲ್ಲ ಇಂದುಗಡೆ ಅದೆ!"

ಬೈಗುಳ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಅಳು.

"ಅಪ್ಪ, ಅದು ಸೀರೆ ಅಲ್ಲ ಕಣಪ್ಪ. ಮೇಲಿಂದ ನೋಡ್ಕ ಬಂದು ಯಾವ್ದು ಸಿಕ್ತದೋ ಅಲ್ಗೇ ನಿಲ್ಸ್‌ಬುಡ್ತರೆ. ಮುಂದಕ್ಕೆ ನೋಡದೇ ಇಲ್ಲ. ಇವತ್ತು ಸಂಜೆ ಐದ್ರೊಳಗೆ ಸರಿ ಮಾಡ್ದೇ ಓದ್ರೆ ಮೈಸೂರು ಓಯ್ತು."

ಎರಡು ವರ್ಷ ನಿದ್ದೆಗೆಟ್ಟು ಓದಿದ ಮಗುವನ್ನು ನಾನು ಒಂದೇ ಮಧ್ಯಾಹ್ನದಲ್ಲಿ ದೂರದ ಊರಿಗೆ ಮಾರಿಬಿಟ್ಟಿದ್ದೆ. ಅಳು ನನಗೂ ಬಂತು. ಆದರೆ ಅಳಲು ಪುರುಸೊತ್ತೆಲ್ಲಿ? ಚೀಟಿ, ಮಾರ್ಕ್ಸ್ ಕಾರ್ಡು, ಯಾವುದಕ್ಕೂ ಇರಲಿ ಎಂದು ರೇಷನ್ ಕಾರ್ಡು, ಎಲ್ಲವನ್ನೂ ಚೀಲಕ್ಕೆ ತುರುಕಿ, ಅಂಗಡಿ ಬಾಗಿಲಲ್ಲಿ ಹೆಂಡತಿ ಗೌರಮ್ಮ ಕೂಗುತ್ತಿದ್ದರೂ ಕೇಳದೆ, ಈ ಸಲ ಮಗಳ ಕೈಯಿಂದಲೇ ಸರಿ ಮಾಡಿಸಬೇಕೆಂದು ಹನೂರಿನ ಬಸ್ಸು ಹತ್ತಿದೆ.

ಕಾಮಗೆರೆ ದಾಟುವಾಗ ಜೇಬು ಮುಟ್ಟಿಕೊಂಡೆ. ಫೋನು ಅಂಗಡಿಯಲ್ಲಿ ಚಾರ್ಜಿಗೆ ನೇತಾಡುತ್ತಿದೆ! ಓಟಿಪಿ ಬರುವುದು ಅದಕ್ಕೇ! ಪಕ್ಕದವರ ಫೋನು ಕೇಳಿ ಇಸಿದುಕೊಂಡೆ. ಯಾರ ನಂಬರೂ ಬಾಯಿಗೆ ಬರಲಿಲ್ಲ, ನನ್ನದು ಸೇರಿ. ಫೋನು ವಾಪಸ್ಸು ಕೊಟ್ಟು, ಚೀಲ ತಬ್ಬಿಕೊಂಡು ಕೂತೆ.

ಹನೂರಿನ ಆಸ್ಪತ್ರೆಗೆ ಓಡುತ್ತಾ ಹೋದರೆ, ಮಗಳು ಹೊರಗೆ ಟೀ ಹಿಡಿದುಕೊಂಡು ನಿಂತಿದ್ದಾಳೆ. ಮುಖದಲ್ಲಿ ನಗು!

"ಎಲ್ಲಾ ಮುಗೀತು ಬಾ ಅಪ್ಪ. ನಿನ್ ಫೋನ್ಗೆ ಮಾಡ್ದೆ, ಅವ್ವ ಎತ್ತಿ ಓಟಿಪಿನ ಓದಿ ಏಳ್ತು. ಎರಡೇ ನಿಮ್ಸ."

"ಮತ್ತೆ ಅವ್ಳು ಕೂಗಿದ್ದು?"

"ಫೋನು ಬುಟ್ಟೋಯ್ತಿದೀರಿ ಅಂತ ಕೂಗ್ತಂತೆ. ಆಮೇಲೆ, ಓದ್ರೆ ಓಗ್ಲಿ, ಅವ್ರು ಅಲ್ಲಿದ್ರೆ ಇಲ್ಲಿ ಕೆಲ್ಸ ಆಯ್ತದೆ ಅಂತು."

ಟೀ ಕುಡಿದೆ. ಮಗಳು ನನ್ನ ಬೆವರು ನೋಡಿ, ಪಕ್ಕದಲ್ಲೇ ಕೂತು, ಮೆಲ್ಲಗೆ ನಾಡಿ ಹಿಡಿದು ನೋಡಿದಳು. ಅಷ್ಟು ಅಳಿಸಿದ್ದರೂ ಅವಳಿಗೆ ನನ್ನದೇ ಚಿಂತೆ. ಅದು ನನಗೆ ಬೈಗುಳಕ್ಕಿಂತ ಜಾಸ್ತಿ ನಾಟಿತು.

ಮೈಸೂರು ಸೀಟು ಸಿಕ್ಕಿತು! ಅಡ್ಮಿಷನ್ನಿಗೆ ಉಡಲು ಸೀರೆ ಬೇಕೆಂದು ತಾಯಿ ಮಗಳು ಅಂಗಡಿಗೆ ಬಂದು ಕೂತರು. ನಾನು ಗಂಭೀರವಾಗಿ ಗಂಟಲು ಸರಿಮಾಡಿಕೊಂಡು, ಅಭ್ಯಾಸಬಲದಿಂದ ಒಂದು ಸಾಧಾರಣ ಸೀರೆ ಹರಡಿದೆ.

ಮಗಳು ಅದರತ್ತ ಕಣ್ಣೂ ಹಾಯಿಸಲಿಲ್ಲ.

"ಅಪ್ಪ, ಹನ್ನೊಂದ್ನೇದು ತಗಿ," ಎಂದಳು.

ಗೌರಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು. ನಲವತ್ತು ವರ್ಷದ ವ್ಯಾಪಾರದ ಗುಟ್ಟನ್ನು ನಾನೇ ಫೋನಿನಲ್ಲಿ ಒದರಿದ್ದೆನಲ್ಲ! ಮೊದಲನೆಯದನ್ನು ತೆಪ್ಪಗೆ ಮಡಿಸಿಟ್ಟು, ಹನ್ನೊಂದನೆಯದಕ್ಕೆ ಕೈ ಹಾಕಿದೆ.