ಮೂರನೇ ಪೀರಿಯಡ್ಡಿನ ಉಬ್ಬರ

ನಮ್ಮ ಶಾಲೆಯ ವೇಳಾಪಟ್ಟಿಯ ಪ್ರಕಾರ ಸಮುದ್ರದ ಉಬ್ಬರವು ಪ್ರತಿ ಮಂಗಳವಾರ ಮೂರನೇ ಪೀರಿಯಡ್ಡಿಗೆ ಬರತಕ್ಕದ್ದು. ಈ ವೇಳಾಪಟ್ಟಿಯನ್ನು ಬಣ್ಣದ ಶಾಯಿಯಲ್ಲಿ ಬರೆದು ಅಂಟಿಸಿದವನು ಡ್ರಾಯಿಂಗ್ ಮೇಷ್ಟ್ರಾದ ನಾನೇ. ಆದ್ದರಿಂದ ಅದರಲ್ಲಿ ತಪ್ಪಿರುವ ಪ್ರಶ್ನೆಯೇ ಏಳುವುದಿಲ್ಲ.

ಶಾಲೆಯ ಹಿಂಬಾಗಿಲು ತೆರೆದರೆ ಮರಳು, ಅದರಾಚೆ ಸಮುದ್ರ. ಅಲೆ ಮತ್ತು ಉಬ್ಬರವಿಳಿತದ ಪಾಠವನ್ನು ಏಳನೇ ತರಗತಿಗೆ ಕಣ್ಣಾರೆ ತೋರಿಸಿಯೇ ಕಲಿಸಬೇಕೆಂದು ಇಲಾಖೆಯಿಂದ ಸುತ್ತೋಲೆ ಬಂತು. ವಿಜ್ಞಾನದ ಟೀಚರು ಅಡಿಗಳ ಗುರುತು ಹಾಕಿದ ಕಂಬವೊಂದನ್ನು ನೀರಿನಲ್ಲಿ ನೆಡಿಸಿದರು. ಮೊದಲ ಮಂಗಳವಾರ ಉಬ್ಬರ ಸರಿಯಾದ ಹೊತ್ತಿಗೆ ಬಂದು ಎಲ್ಲರ ಮೆಚ್ಚುಗೆ ಗಳಿಸಿತು. ಮರುವಾರ ಅದೇ ಹೊತ್ತಿಗೆ ನೋಡಿದರೆ, ಕಂಬದ ಬುಡದಲ್ಲಿ ಪಾದ ಮುಳುಗುವಷ್ಟೂ ನೀರಿಲ್ಲ.

ಮುಖ್ಯೋಪಾಧ್ಯಾಯರು ಟೀಚರನ್ನು ಕರೆಸಿದರು.

"ಏನಮ್ಮಾ ಇದು? ಹೋದ ವಾರ ಬಂದಿತ್ತಲ್ಲ?"

"ಸಾರ್, ಉಬ್ಬರ ಚಂದ್ರನ ಲೆಕ್ಕದಲ್ಲಿ ಬರುತ್ತೆ. ದಿನಾ ಮುಕ್ಕಾಲು ಗಂಟೆಗಿಂತ ಜಾಸ್ತಿ ತಡ ಆಗ್ತಾ ಹೋಗುತ್ತೆ."

"ತಡವಾಗಿ ಬರೋರಿಗೆ ನಾವೇನು ಮಾಡ್ತೀವಿ?"

"ಗೇಟು ಹಾಕ್ತೀವಿ. ಆದ್ರೆ ಸಮುದ್ರಕ್ಕೆ ಗೇಟಿಲ್ಲ, ಸಾರ್."

"ಅದಕ್ಕೇ ಅದಕ್ಕಿಷ್ಟು ಸಲುಗೆ."

"ಪಾಠಾನ ಕೊನೇ ಪೀರಿಯಡ್ಡಿಗೆ ಹಾಕಿಕೊಟ್ರೆ..."

"ಕೊನೇದು ಹೊಲಿಗೆ. ಚಂದ್ರನಿಗೋಸ್ಕರ ಹೊಲಿಗೆ ಟೀಚರ ಹತ್ರ ಬೈಸಿಕೊಳ್ಳೋಕೆ ನನ್ನಿಂದಾಗಲ್ಲ."

ಇದರಲ್ಲಿ ಮುಖ್ಯೋಪಾಧ್ಯಾಯರದು ಎಳ್ಳಷ್ಟೂ ತಪ್ಪಿಲ್ಲ. ಹೊಲಿಗೆ ಟೀಚರನ್ನು ನಾನೂ ಬಲ್ಲೆ.

ತೊಂದರೆ ಇದ್ದದ್ದು ಬೇರೆ. ಎರಡು ವಾರ ಬಿಟ್ಟು ಇಲಾಖೆಯ ಪರಿವೀಕ್ಷಕರು ಈ ಪಾಠ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಟೀಚರ ನೌಕರಿ ಕಾಯಂ, ಒಪ್ಪದಿದ್ದರೆ ಮನೆ. ವರ್ಷಗಟ್ಟಲೆ ಹಂಗಾಮಿಯಾಗಿಯೇ ದುಡಿದ ಹೆಣ್ಣುಮಗಳು. "ಇವತ್ತಾದ್ರೂ ಕಾಯಂ ಆಯ್ತೇನೇ?" ಎಂದು ಅವರ ಅತ್ತೆ ಸಂಜೆ ಬಾಗಿಲಲ್ಲೇ ನಿಂತು ಕೇಳುತ್ತಿದ್ದರಂತೆ. ಕೇಳಿ ನನಗೂ ಪಾಪ ಅನ್ನಿಸಿತು.

ಆ ಮಂಗಳವಾರವೂ ನೀರು ಇಳಿದೇ ಇತ್ತು. ಪರಿವೀಕ್ಷಕರು ಪಾಲಿಶ್ ಮಾಡಿದ ಬೂಟಿನಲ್ಲಿ ಮರಳಿಗೆ ಬಂದರು. ಒಂದು ಅಲೆ ಬೂಟು ನೆನೆಸಿತು.

"ಓಹೋ, ಉಬ್ಬರ ಬಂತು!"

"ಅಲ್ಲ ಸಾರ್, ಅದು ಅಲೆ. ಗಾಳಿಯಿಂದ ಬರೋದು," ಎಂದಳು ಎರಡು ಜಡೆಯ ಹುಡುಗಿ. ಟೀಚರು ಕಲಿಸಿದ್ದನ್ನು ಪೂರ್ತಿ ಕಲಿತವಳು ಅವಳೊಬ್ಬಳೇ.

"ಹಾಗಾದ್ರೆ ಉಬ್ಬರ ಎಲ್ಲಿ?"

ಎಲ್ಲರೂ ಸಮುದ್ರದ ಕಡೆ ನೋಡಿದರು. ಸಮುದ್ರ ತನಗೆ ಸಂಬಂಧವೇ ಇಲ್ಲವೆಂಬಂತಿತ್ತು. ಮುಖ್ಯೋಪಾಧ್ಯಾಯರು ಕಣ್ಸನ್ನೆ ಮಾಡಿದರು. ಪಿ.ಟಿ. ಮೇಷ್ಟ್ರು ದೊಡ್ಡ ಸುತ್ತಿಗೆ ಹಿಡಿದು ಹೋಗಿ ಕಂಬದ ತಲೆಗೆ ನಾಲ್ಕು ಬಿಟ್ಟರು. ಕಂಬ ಮರಳಿಗಿಳಿಯಿತು. ನೀರು ನಾಲ್ಕಡಿಯ ಗುರುತು ಮುಟ್ಟಿತು.

"ಸಾರ್, ಕಂಬ ಕೆಳಗೆ ಹೋಯ್ತು!" ಎಂದಳು ಹುಡುಗಿ.

"ಶಭಾಷ್!" ಎಂದರು ಪರಿವೀಕ್ಷಕರು. "ಏರಿದ್ದೂ ಇದೆ, ಇಳಿದದ್ದೂ ಇದೆ. ಒಂದೇ ಪೀರಿಯಡ್ಡಿನಲ್ಲಿ ಎರಡೂ! ನೀವೇನಂತೀರಿ, ಟೀಚರೇ?"

ಟೀಚರು ಹುಡುಗಿಯ ಮುಖ ನೋಡಿದರು. ಆಮೇಲೆ ನೋಡಲಿಲ್ಲ.

"ನಾಲ್ಕಡಿ ಏರಿದೆ, ಸಾರ್."

ಅವರು ಕಾಯಂ ಆದರು. ಅತ್ತೆ ಇಡೀ ಬೀದಿಗೆ ಸುದ್ದಿ ಹಂಚಿದರು. ಇಲಾಖೆಯ ಹೊಸ ಸುತ್ತೋಲೆಯೂ ಹೊರಬಿತ್ತು: "ಉಬ್ಬರವು ನಿಗದಿತ ಪೀರಿಯಡ್ಡಿಗೆ ಹಾಜರಾಗದಿದ್ದಲ್ಲಿ ಕಂಬವನ್ನು ಬಡಿಯತಕ್ಕದ್ದು. ಕಂಬ ಇಳಿಯದಿದ್ದಲ್ಲಿ ಪಿ.ಟಿ. ಶಿಕ್ಷಕರೇ ಹೊಣೆ. ಸಮುದ್ರವಿಲ್ಲದ ಶಾಲೆಗಳು ಕಂಬವನ್ನು ಮಾತ್ರ ಬಡಿದರೆ ಸಾಕು."

ಹೋದ ಗುರುವಾರ ಹುಣ್ಣಿಮೆ. ಏಳನೇ ತರಗತಿಯಲ್ಲಿ ಎಲೆಯ ಭಾಗಗಳ ಪಾಠ ನಡೆಯುತ್ತಿದ್ದಾಗ ಸಮುದ್ರ ಹಿಂಬಾಗಿಲಿನಿಂದ ಒಳಬಂತು. ಚಪ್ಪಲಿಗಳು ತೇಲಿದವು. ಮಕ್ಕಳು ಚೀಲ ಹೊತ್ತುಕೊಂಡು ಬೆಂಚು ಹತ್ತಿದರು. ಗದ್ದಲ ಕೇಳಿ ನಾನು ಓಡಿದೆ. ಮುಖ್ಯೋಪಾಧ್ಯಾಯರು ಆಗಲೇ ಪ್ಯಾಂಟು ಮಡಚಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಯಾರೂ ಗಾಬರಿಯಾಗಬೇಡಿ. ಗುರುವಾರ ಉಬ್ಬರ ಇಲ್ಲ."

ಟೀಚರು ಮೊಣಕಾಲುದ್ದ ನೀರಿನಲ್ಲಿ ನಿಂತು, ಸೀರೆ ಎತ್ತಿ ಹಿಡಿದು, ಎರಡು ಜಡೆಯ ಹುಡುಗಿಯನ್ನೇ ಕೇಳಿದರು: "ಹೇಳು ಮರಿ, ನೀರು ಎಷ್ಟಿದೆ?"

ಅವಳು ನಿಜ ಹೇಳಲಿ ಎಂದು ಅವರು ಒಳಗೊಳಗೇ ಬೇಡುತ್ತಿದ್ದರೆಂದು ನನ್ನ ಅನುಮಾನ. ಹುಡುಗಿ ನೀರು ನೋಡಿದಳು, ಮುಖ್ಯೋಪಾಧ್ಯಾಯರನ್ನು ನೋಡಿದಳು.

"ನೀರೇ ಇಲ್ಲ, ಮಿಸ್."

"ಜಾಣೆ!" ಎಂದರು ಮುಖ್ಯೋಪಾಧ್ಯಾಯರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಟೀಚರು ಬೋರ್ಡಿನ ಕಡೆ ತಿರುಗಿ ನಿಂತರು. ಆಮೇಲೆ, ನೀರು ಮುಟ್ಟದ ಮೇಲ್ಭಾಗದಲ್ಲಿ, ಎಲೆಯ ಚಿತ್ರ ಬಿಡಿಸಿದರು.